ಕಿವಿಯ ಅಳತೆಗೆ ಒಂದು ಮೇಜು

ಮನೆಯ ರೆಕಾರ್ಡಿಂಗ್ ಕೋಣೆಗೆ ಮೇಜು ಮಾಡಿಕೊಳ್ಳುವ ಯೋಚನೆ ಇದ್ದರೆ, ಮರ ನೋಡಲು ಹೋಗುವ ಮುಂಚೆ ಒಂದು ಕೆಲಸ ಮಾಡಿ. ದಿನಾ ಕೂರುವ ಕುರ್ಚಿಯಲ್ಲಿ ಕೂತು, ನೆಲದಿಂದ ನಿಮ್ಮ ಕಿವಿ ಎಷ್ಟು ಎತ್ತರದಲ್ಲಿದೆ ಅಂತ ಮನೆಯವರ ಕೈಲಿ ಟೇಪು ಹಿಡಿಸಿ ಅಳೆಸಿ. ಬೆನ್ನು ಸೆಟೆದು ಕೂತಾಗಿನ ಅಳತೆ ಬೇಡ. ಕೆಲಸ ಮಾಡುತ್ತಾ ಸಹಜವಾಗಿ ಕೂರುತ್ತೀರಲ್ಲ, ಆಗಿನ ಅಳತೆ ಬೇಕು. ನನ್ನದು 47 ಇಂಚು ಬಂತು. ಮೇಜಿನ ಎತ್ತರ, ಆಳ, ಸ್ಪೀಕರ್ ನಿಲ್ಲುವ ಜಾಗ, ಕೊನೆಗೆ ಯಾವ ಮರ ಅನ್ನೋದೂ ಈ ಒಂದು ಅಂಕಿಯಿಂದಲೇ ಹೊರಟಿತು.

ನಾನಿರುವುದು ಮೈಸೂರಿನಲ್ಲಿ, ಬಾಡಿಗೆ ಮನೆಯ ಮಹಡಿಯ ಮೇಲೆ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಕನ್ನಡದ ಕಥೆ, ಕಾದಂಬರಿಗಳ ಓದು, ಸುಗಮ ಸಂಗೀತ, ಆಗಾಗ ವೀಣೆ ಪಾಠದ ರೆಕಾರ್ಡಿಂಗು, ಇವೇ ಇಲ್ಲಿ ನಡೆಯುವ ಕೆಲಸ. ಅಂದರೆ ಇಲ್ಲಿ ಮನುಷ್ಯರ ದನಿ ಮುಖ್ಯ. ದನಿಯ ಮೈಕಟ್ಟು ಇರೋದು ಹೆಚ್ಚುಕಡಿಮೆ 100 ಹರ್ಟ್ಸ್‌ನಿಂದ ಕೆಲವು ಸಾವಿರ ಹರ್ಟ್ಸ್‌ವರೆಗೆ. ಮೇಜು ಕೈ ಹಾಕೋದೂ ಸರಿಯಾಗಿ ಅಲ್ಲಿಗೇ.

ಹೇಗೆ ಅಂತ ಹೇಳುತ್ತೇನೆ. ಸ್ಪೀಕರಿನಿಂದ ಹೊರಟ ಸದ್ದು ಎರಡು ದಾರಿಯಲ್ಲಿ ಕಿವಿಗೆ ಬರುತ್ತದೆ. ಒಂದು ನೇರ ದಾರಿ. ಇನ್ನೊಂದು ಮೇಜಿನ ಹಲಗೆಗೆ ಬಡಿದು ಮೇಲೆದ್ದು ಬರುವ ದಾರಿ. ಎರಡನೆಯದು ಸ್ವಲ್ಪ ಉದ್ದ, ಹಾಗಾಗಿ ಒಂದು ಚೂರು ತಡವಾಗಿ ತಲುಪುತ್ತದೆ. ಎರಡೂ ಬೆರೆಯುವಾಗ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಒಂದನ್ನೊಂದು ಹೊಡೆದುಹಾಕುತ್ತವೆ. ನನ್ನ ಲೆಕ್ಕ ಹೀಗಿತ್ತು: ಸ್ಪೀಕರಿನ ಟ್ವೀಟರ್, ಅಂದರೆ ಏರುದನಿ ಹೊರಡಿಸುವ ಸಣ್ಣ ಭಾಗ, ಕಿವಿಯ ಮಟ್ಟಕ್ಕೆ, ಅಂದರೆ 47 ಇಂಚಿಗೆ. ಮೇಜು 28 ಇಂಚು. ಕಿವಿಗೂ ಸ್ಪೀಕರಿಗೂ ನಡುವೆ 42 ಇಂಚು. ಆಗ ಮೇಜಿಗೆ ಬಡಿದು ಬರುವ ದಾರಿ ಸುಮಾರು 56½ ಇಂಚು ಆಗುತ್ತದೆ. ವ್ಯತ್ಯಾಸ ಹದಿನಾಲ್ಕೂವರೆ ಇಂಚು, ಅಂದರೆ 37 ಸೆಂಟಿಮೀಟರ್. ಸದ್ದು ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಅದನ್ನು ಈ ವ್ಯತ್ಯಾಸದ ಎರಡರಷ್ಟರಿಂದ ಭಾಗಿಸಿದರೆ 460 ಹರ್ಟ್ಸ್ ಆಸುಪಾಸು ಬರುತ್ತದೆ. ಮೊದಲ ತಗ್ಗು, ಅಂದರೆ ಸದ್ದು ಕುಗ್ಗಿಹೋಗೋದು, ಅಲ್ಲೇ. ಹಾಡುವವರ ದನಿಯ ತುಂಬು ಇರುವ ಜಾಗ ಅದು. ಅಲ್ಲಿ ತಗ್ಗಿದ್ದರೆ ನಾವು ದನಿ, ವಾದ್ಯ ಬೆರೆಸಿ ಮಿಕ್ಸ್ ಮಾಡುವಾಗ ಗೊತ್ತಿಲ್ಲದೆ ಅದನ್ನು ಏರಿಸುತ್ತೇವೆ. ಬೇರೆ ಮನೆಯಲ್ಲಿ, ಕಾರಿನಲ್ಲಿ ಕೇಳಿದರೆ ದನಿ ಡಬ್ಬದೊಳಗಿನಿಂದ ಬಂದಂತೆ ಇರುತ್ತದೆ. ಕೋಣೆಗೆಲ್ಲಾ ಫೋಮ್ ಅಂಟಿಸಿದವರೂ ಮೂಗಿನ ಕೆಳಗಿನ ಈ ಹಲಗೆಯನ್ನು ಮರೆತುಬಿಡುತ್ತಾರೆ. ನನಗಂತೂ ಕೋಣೆಯೊಳಗಿನ ಸಾಮಾನುಗಳಲ್ಲಿ ಸದ್ದನ್ನು ಕೆಡಿಸುವುದರಲ್ಲಿ ಮೇಜಿಗೇ ಮೊದಲ ಸ್ಥಾನ ಅನ್ನಿಸುತ್ತದೆ.

ಲೆಕ್ಕ ಬೇಡ ಅನ್ನುವವರಿಗೆ ಕನ್ನಡಿ ಇದೆ. ನೀವು ಕುರ್ಚಿಯಲ್ಲಿ ಕೂತಿರಿ. ಇನ್ನೊಬ್ಬರು ಒಂದು ಸಣ್ಣ ಕನ್ನಡಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ನಿಧಾನ ಸರಿಸಲಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಟ್ವೀಟರ್ ಕಾಣಿಸುತ್ತದೋ, ಸದ್ದು ಬಡಿಯುವ ಜಾಗ ಅದೇ. ನನ್ನ ಅಳತೆಯಲ್ಲಿ ಅದು ಮೇಜಿನ ಮುಂದಿನ ಅಂಚಿನಿಂದ 10 ಇಂಚು ಒಳಗೆ, ನಡುವಿನಿಂದ ಎಡಕ್ಕೊಂದು, ಬಲಕ್ಕೊಂದು. ಈ 10 ಇಂಚು ನೆನಪಿನಲ್ಲಿರಲಿ. ಮೇಜಿನ ನಕ್ಷೆ ಇದರ ಮೇಲೆಯೇ ನಿಂತಿದೆ.

ಮೊದಲು ಕುರ್ಚಿ ಎಲ್ಲಿ ಅಂತ ಗಟ್ಟಿ ಮಾಡಿಕೊಂಡೆ. ಆಯತದ ಕೋಣೆಯಲ್ಲಿ ಮುಂದಿನ ಗೋಡೆಯಿಂದ ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿ ಕೂತು ಶುರು ಮಾಡಿ ಅಂತ ಸ್ಟುಡಿಯೋ ಮಂದಿ ಹೇಳುತ್ತಾರೆ. ಅದು ಕಟ್ಟಳೆಯಲ್ಲ, ಶುರುವಿಗೆ ಒಂದು ಗುರುತು ಅಷ್ಟೆ. 12 ಅಡಿಗೆ ಅದು ನಾಲ್ಕೂವರೆ ಅಡಿ. ಅಲ್ಲಿ ಕಿವಿ. ಅಲ್ಲಿಂದ ಎರಡು ಸ್ಪೀಕರ್ ಸೇರಿ ಮೂರೂ ಬದಿ 42 ಇಂಚಿನ ತ್ರಿಕೋನ. ಕೋಣೆಯ ಉದ್ದಕ್ಕೆ 47 ಹರ್ಟ್ಸ್ ಹತ್ತಿರ ಒಂದು ಗುಂಯ್ ಇದೆ, ಅಗಲ ಮತ್ತು ಎತ್ತರ ಎರಡೂ 10 ಅಡಿ ಆದ್ದರಿಂದ 56 ಹರ್ಟ್ಸ್‌ನಲ್ಲಿ ಇನ್ನೊಂದು, ಅದೂ ದುಪ್ಪಟ್ಟಾಗಿ. ಅದನ್ನು ಯಾವ ಮೇಜೂ ಸರಿ ಮಾಡಲ್ಲ. ಮೂಲೆಗಳಲ್ಲಿ ತಗ್ಗಿನ ಸ್ವರಗಳನ್ನು ಹೀರುವ ದಪ್ಪ ಬೇಸ್ ಟ್ರಾಪ್ ಇಡಬೇಕು, ಅದು ಬೇರೆಯದೇ ಕಥೆ.

ಇಷ್ಟಾದ ಮೇಲೆ ಮೇಜಿಗೆ ಸಿಕ್ಕ ಜಾಗ ತಾನಾಗಿ ಗೊತ್ತಾಯಿತು. ಕಿವಿಯಿಂದ ಮುಂದಿನ ಅಂಚಿಗೆ 8 ಇಂಚು, ಮೇಜಿನ ಆಳ 24 ಇಂಚು. ಹಿಂದಿನ ಅಂಚು ದಾಟಿ 4 ಇಂಚಿಗೆ ಸ್ಪೀಕರಿನ ಮುಖ. ಸ್ಪೀಕರ್‌ಗಳು ಮೇಜಿನ ಮೇಲೆ ಇಲ್ಲವೇ ಇಲ್ಲ, ಹಿಂದೆ ತಮ್ಮದೇ ಸ್ಟ್ಯಾಂಡಿನ ಮೇಲೆ. ಇದನ್ನು ಒತ್ತಿ ಹೇಳುತ್ತೇನೆ. ಮೇಜಿನ ಮೇಲೆ ಸ್ಪೀಕರ್ ಇಟ್ಟರೆ ಹಲಗೆಯೂ ಜೊತೆಗೆ ಹಾಡಲು ಶುರು ಮಾಡುತ್ತದೆ, 100ರಿಂದ 200 ಹರ್ಟ್ಸ್ ಕಡೆ ಸದ್ದು ಉಬ್ಬುತ್ತದೆ. ಕೆಳಗೆ ಸ್ಪಂಜು ಇಟ್ಟರೆ ಅದುರುವುದು ಕಡಿಮೆ ಆದೀತು, ಬಡಿದು ಬರುವುದು ಹೋಗಲ್ಲ. ಮೇಜಿನ ಉದ್ದ 5 ಅಡಿ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ, ಅಲ್ಲಿ ಏನಿಡುತ್ತೀರಿ ಅಂತ ಒಂದು ಸಲ ಯೋಚಿಸಿ. ಖಾಲಿ ಜಾಗ ಇದ್ದಷ್ಟೂ ಸಾಮಾನು ಬಂದು ಕೂರುತ್ತದೆ, ಒಂದೊಂದೂ ಸದ್ದಿಗೆ ಇನ್ನೊಂದು ಗೋಡೆ.

ನುಡಿಸುವ ಕೀಬೋರ್ಡಿಗೆ ಎಳೆಯುವ ಟ್ರೇ ಬೇಕೇ ಬೇಡವೇ ಅನ್ನೋದರ ಮೇಲೆ ನಾನು ಬಹಳ ತಲೆ ಕೆಡಿಸಿಕೊಂಡೆ. ಅಂಗಡಿಯಲ್ಲಿ ಸಿಗುವ ಸ್ಟುಡಿಯೋ ಮೇಜುಗಳಲ್ಲಿ ಹೆಚ್ಚಿನವುಗಳಿಗೆ ಅದು ಇದ್ದೇ ಇರುತ್ತದೆ. ಲೆಕ್ಕ ಹಾಕಿ ನೋಡಿ. ಮೊಣಕಾಲು, ತೊಡೆ ಆರಾಮಾಗಿ ಕೂರಲು ನೆಲದಿಂದ 24 ಇಂಚು ಬೇಕು. ಅದರ ಮೇಲೆ ಟ್ರೇಯ ಹಲಗೆ ಮುಕ್ಕಾಲು ಇಂಚು, ಕೀಬೋರ್ಡ್ 4 ಇಂಚು, ಬೆರಳಾಡಲು ಒಂದಿಂಚು, ಮೇಲೆ ಒಂದೂಕಾಲು ಇಂಚಿನ ಹಲಗೆ. ಒಟ್ಟು 31 ಇಂಚು. ಅಷ್ಟು ಎತ್ತರದ ಮೇಜಿನ ಮೇಲೆ ಮೌಸ್ ಹಿಡಿದು ಗಂಟೆಗಟ್ಟಲೆ ಎಡಿಟ್ ಮಾಡಿದರೆ ಭುಜ ಹಿಡಿದುಕೊಳ್ಳುತ್ತದೆ. ಸಾಲದ್ದಕ್ಕೆ ಟ್ರೇ ಜಾರುವ ಲೋಹದ ಚಾನಲ್‌ಗಳು ಯಾವುದೋ ಒಂದು ಸ್ವರಕ್ಕೆ ಗಿರಗಿರ ಅನ್ನುತ್ತವೆ. ನನಗೆ ಕೀಬೋರ್ಡ್ ಬೇಕಾಗೋದು ಶ್ರುತಿ ಹಿಡಿಯಲು, ಅಲ್ಲೊಂದು ಇಲ್ಲೊಂದು ಸಾಲು ನುಡಿಸಲು. ಹಾಗಾಗಿ ಎರಡು ಸ್ಥಾಯಿಯ ಸಣ್ಣದೊಂದನ್ನು ಮೇಜಿನ ಮೇಲೇ ಇಟ್ಟುಕೊಂಡೆ. ದೊಡ್ಡದು ಪಕ್ಕದಲ್ಲಿ ಬೇರೆ ಸ್ಟ್ಯಾಂಡಿನ ಮೇಲೆ, ಕುರ್ಚಿ ತಿರುಗಿಸಿದರೆ ಕೈಗೆ ಸಿಗುತ್ತದೆ. ಪಿಯಾನೋ ನುಡಿಸುವುದೇ ಕಸುಬಾದವರಿಗೆ ಈ ಮಾತು ಒಪ್ಪುವುದಿಲ್ಲ. ಅವರಿಗೆ ಕೀಬೋರ್ಡೇ ಮೇಜು. 88 ಕೀಗಳ ಕೀಬೋರ್ಡಿಗೆ ನಾಲ್ಕೂವರೆ ಅಡಿಯಷ್ಟು ಜಾಗ ಬೇಕು. ಅದನ್ನು ನಡುವೆ ಇಟ್ಟು ಸುತ್ತ ಬೇರೆ ಥರದ್ದೇ ನಕ್ಷೆ ಮಾಡಬೇಕಾಗುತ್ತದೆ.

ಇನ್ನು ಆ 10 ಇಂಚಿನ ವಿಷಯ. ಸದ್ದು ಬಡಿಯುವ ಜಾಗದಲ್ಲಿ ಅಖಂಡ ಹಲಗೆ ಇರಬಾರದು ಅಂತ ನಾನು ನಿರ್ಧಾರ ಮಾಡಿದೆ. ಮುಂದಿನ 9 ಇಂಚು ಮಾತ್ರ ಗಟ್ಟಿ ಹಲಗೆ. ಕೈ ಊರಲು, ಬರೆಯಲು, ಮೌಸ್ ಆಡಿಸಲು ಅಷ್ಟು ಸಾಕು. ಅದರ ಹಿಂದಿನ 15 ಇಂಚು ಪಟ್ಟಿಗಳ ಸಾಲು. ಒಂದೊಂದು ಪಟ್ಟಿ ಒಂದೂಮುಕ್ಕಾಲು ಇಂಚು ಅಗಲ, ನಡುವೆ ಮುಕ್ಕಾಲು ಇಂಚು ಸಂದು. ಆರು ಪಟ್ಟಿ, ಆರು ಸಂದು ಸೇರಿದರೆ ಸರಿಯಾಗಿ 15 ಇಂಚು. ಸದ್ದಿನ ಒಂದು ಪಾಲು ಸಂದಿನಿಂದ ಕೆಳಗೆ ಹೋಗುತ್ತದೆ, ಉಳಿದದ್ದು ಅಂಚುಗಳಿಗೆ ಸಿಕ್ಕಿ ಚದುರುತ್ತದೆ. ಲ್ಯಾಪ್‌ಟಾಪ್‌ಗೆ, ಮೈಕನ್ನು ಅದಕ್ಕೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆಗೆ ಕೆಳಗಿನಿಂದ ಗಾಳಿ ಸಿಗುತ್ತದೆ. ವೈರುಗಳು ಎಲ್ಲಿ ಬೇಕೋ ಅಲ್ಲಿಂದ ಇಳಿಯುತ್ತವೆ.

ಪಟ್ಟಿ ಅಂತ ನಿರ್ಧಾರ ಆದ ಕೂಡಲೇ ಮರದ ಪ್ರಶ್ನೆಯೂ ಬಗೆಹರಿಯಿತು. ನಮ್ಮ ಕಡೆ ಹಳೇ ಹೆಂಚಿನ ಮನೆಗಳನ್ನು ಕೆಡವುತ್ತಲೇ ಇರುತ್ತಾರೆ. ಅದರ ತೊಲೆ, ಜಂತೆ, ರೀಪು, ಬಾಗಿಲು, ದಾರಂದ ಎಲ್ಲಾ ಊರ ಹೊರಗಿನ ಹಳೇ ಮರದ ಅಂಗಡಿಗಳಿಗೆ ಬಂದು ಬೀಳುತ್ತವೆ. ಹೆಂಚು ಹೊರುವ ರೀಪು ಹೆಚ್ಚುಕಡಿಮೆ 2 ಇಂಚು ಅಗಲ, ಒಂದಿಂಚು ದಪ್ಪ. ನನಗೆ ಬೇಕಾದ ಪಟ್ಟಿ ಅದೇ! ಅಗಲದ ಹಲಗೆ ಹಳೇ ಮರದಲ್ಲಿ ಸಿಗೋದು ಅಪರೂಪ, ಸಿಕ್ಕರೂ ದುಬಾರಿ. ರೀಪನ್ನು ಕೇಳುವವರಿಲ್ಲ, ಬಹಳಷ್ಟು ಸೌದೆಗೆ ಹೋಗುತ್ತದೆ. ವರ್ಷಗಟ್ಟಲೆ ಮಾಡಿನ ಬಿಸಿಲು, ಅಡುಗೆಮನೆಯ ಹೊಗೆ ಕುಡಿದು ಒಣಗಿದ ಮರ ಅದು. ಇನ್ನು ಸೊಟ್ಟಗಾಗುವ ಹಂಬಲ ಅದಕ್ಕೆ ಉಳಿದಿರುವುದಿಲ್ಲ. ಹೊಸ ಮರ ಕೊಂಡರೆ ಸರಿಯಾಗಿ ಒಣಗಿದೆಯೋ ಇಲ್ಲವೋ ಅನ್ನೋ ಚಿಂತೆ ತಪ್ಪಿದ್ದಲ್ಲ.

ಆರಿಸುವಾಗ ನೋಡಬೇಕಾದ್ದು ಮೂರು. ಉಗುರಿನಿಂದ ಒತ್ತಿದರೆ ಮೆತ್ತಗಿರಬಾರದು. ಸಣ್ಣ ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಬದುಕಿದೆ, ಅದನ್ನು ಮುಟ್ಟಬೇಡಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನಬೇಕು, ಬದ್ ಅಂದರೆ ಒಳಗೆ ಗೆದ್ದಲು ತಿಂದಿರಬಹುದು. ಮುಂದಿನ ಹಲಗೆಗೆ ಹಳೇ ಬಾಗಿಲೊಂದರ ಹಲಸಿನ ಹಲಗೆ ಸಿಕ್ಕಿತು. ಮೇಲೆ ಮಸಿ ಬಣ್ಣ, ಒಂದು ಸಲ ಕೀಸಿದರೆ ಒಳಗೆ ಜೇನಿನ ಬಣ್ಣ. ವೀಣೆ, ಮೃದಂಗ ಮಾಡುವುದೂ ಹಲಸಿನ ಮರದಲ್ಲೇ ಅಲ್ವಾ. ಹಾಗಾದರೆ ಮೇಜೂ ಗುಂಯ್ ಅನ್ನುತ್ತದೇನೋ ಅಂತ ಕೆಲವರು ಕೇಳಿದ್ದಾರೆ. ವಾದ್ಯದಲ್ಲಿ ಅದನ್ನು ತೆಳ್ಳಗೆ ತೋಡಿ ಒಳಗೆ ಪೊಳ್ಳು ಮಾಡಿರುತ್ತಾರೆ, ಅದಕ್ಕೇ ಹಾಡುತ್ತದೆ. ಒಂದೂಕಾಲು ಇಂಚು ದಪ್ಪದ ಹಲಗೆಯನ್ನು ಪ್ರತಿ 20 ಇಂಚಿಗೂ ಅಡ್ಡಪಟ್ಟಿಗೆ ಬಿಗಿದರೆ ಅದು ಸುಮ್ಮನೇ ಇರುತ್ತದೆ. ಕಾಲುಗಳಿಗೆ, ಅಡ್ಡಪಟ್ಟಿಗಳಿಗೆ ಮತ್ತಿ ಮರದ ದಾರಂದದ ತುಂಡುಗಳು. ಮತ್ತಿ ಭಾರ, ಗಟ್ಟಿ, ಉಳಿಗೆ ಸುಲಭಕ್ಕೆ ಬಗ್ಗಲ್ಲ. ಮೇಜಿನ ಕೆಳಭಾಗ ಭಾರ ಇದ್ದಷ್ಟೂ ಒಳ್ಳೆಯದು.

ಪ್ಲೈವುಡ್‌ನಲ್ಲಿ ಮಾಡಬಾರದಾ ಅಂದರೆ ಖಂಡಿತ ಮಾಡಬಹುದು. 8 ಅಡಿ, 4 ಅಡಿಯ 19 ಎಂಎಂ ಶೀಟ್ ಒಂದರಲ್ಲಿ ಮೇಲಿನ ಹಲಗೆ, ಪಟ್ಟಿಗಳು, ಆಡಿಯೋ ಉಪಕರಣ ಕೂರಿಸುವ ರ್‍ಯಾಕ್ ಎಲ್ಲಾ ಆಗುತ್ತದೆ. ಅಂಚಿಗೆ ಮರದ ಬೀಡಿಂಗ್ ಹೊಡೆದರೆ ಕಾಣಲೂ ಚೆನ್ನ. ತೀರಾ ಅಗ್ಗದ ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡ. ಒಂದು ಸಲ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿತ ಹೋಗುತ್ತದೆ, ಬಾಡಿಗೆ ಮನೆಯವರಿಗೆ ಅದು ಆಗಿಬರಲ್ಲ.

ಹಳೇ ಮರದ ದೊಡ್ಡ ಶತ್ರು ಮುರಿದ ಮೊಳೆ. ರೀಪಿನಲ್ಲಂತೂ ತಲೆ ಹಾರಿಹೋದ ಮೊಳೆಗಳು ಒಳಗೇ ಕೂತಿರುತ್ತವೆ. ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಪ್ರತಿ ಪಟ್ಟಿಯ ನಾಲ್ಕೂ ಬದಿಗೆ ಆಡಿಸಿ, ಎಳೆದ ಕಡೆ ಸೀಮೆಸುಣ್ಣದ ಗುರುತು ಹಾಕಿದೆ. ಮೊಳೆಯ ಸುತ್ತ ಸಣ್ಣ ಉಳಿಯಿಂದ ಕೆತ್ತಿ ಇಕ್ಕಳದಿಂದ ಎಳೆಯೋದು ನಿಧಾನದ ಕೆಲಸ. ಆದರೆ ಒಂದೇ ಒಂದು ಮೊಳೆ ಉಳಿದಿದ್ದರೂ ಸಾಮಿಲ್ಲಿನವರು ತಮ್ಮ ಕೀಸುವ ಮಷಿನ್ನಿಗೆ ಮರ ಹಾಕಲು ಒಪ್ಪುವುದಿಲ್ಲ. ಅವರ ಬ್ಲೇಡಿನ ಬೆಲೆ ನೋಡಿದರೆ ಅದು ನ್ಯಾಯವೇ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ, ತುಕ್ಕು ಹಿಡಿದ ಮೊಳೆ ಮುರಿದಾಗ ಚೂರು ಎತ್ತ ಹಾರುತ್ತದೋ ಹೇಳಲಾಗದು.

ನಮ್ಮ ಬೀದಿಯಲ್ಲಿ ವಯಸ್ಸಾದ ಆಚಾರ್ರೊಬ್ಬರಿದ್ದಾರೆ. ಬಾಗಿಲು, ಕಿಟಕಿ ಮಾಡಿ ಪಳಗಿದ ಕೈ. ನಕ್ಷೆ ತೋರಿಸಿದೆ. ಮೇಲಿನ ಪಟ್ಟಿಗಳನ್ನು ನೋಡಿ, "ಏನ್ ಸ್ವಾಮಿ, ಮೇಜಿನ ಮೇಲೆ ಮಾಡು ಕಟ್ತೀರಾ? ಲೋಟ ಎಲ್ಲಿಡ್ತೀರಿ?" ಅಂದರು.

"ಲೋಟ ಮುಂದಿನ ಹಲಗೆ ಮೇಲೆ, ಆಚಾರ್ರೇ. ಹಿಂದೆ ಸದ್ದು ಕೆಳಗಿಳೀಬೇಕು, ಅದಕ್ಕೆ ಸಂದು" ಅಂದೆ.

ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದರು. "ಹಂಗಾದ್ರೆ ಕೆಳಗೂ ಹಲಗೆ ಬಡೀಬೇಡಿ. ಪೆಟ್ಟಿಗೆ ಆದ್ರೆ ಡೋಲಾಯ್ತದೆ. ಹಿಂದ್ಗಡೆ ಓರೆಗೆ ಒಂದು ಪಟ್ಟಿ ಕೊಡಿ, ಅಳ್ಳಾಡಲ್ಲ" ಅಂದರು.

ಸದ್ದಿನ ಪುಸ್ತಕ ಓದದೆ ಅವರು ಹೇಳಿದ ಆ ಮಾತು ನೂರಕ್ಕೆ ನೂರು ಸರಿ. ಮೇಜಿನ ಕೆಳಗೆ ಮೂರು ಬದಿ ಹಲಗೆ ಮುಚ್ಚಿದರೆ ಅದೊಂದು ಪೆಟ್ಟಿಗೆಯಾಗಿ ತಗ್ಗಿನ ಸ್ವರಗಳಿಗೆ ಗುಂಯ್‌ಗುಡುತ್ತದೆ. ಹಾಗಾಗಿ ನನ್ನ ಮೇಜಿಗೆ ಡ್ರಾಯರ್ ಇಲ್ಲ, ಹಿಂಬದಿ ಹಲಗೆ ಇಲ್ಲ. ಕೆಳಗೆ ಪೂರ್ತಿ ಬಯಲು.

ಜೋಡಣೆಗೆ ಬರೋಣ. ಎರಡು ಬದಿಗೆ ಎರಡು ಕಾಲಿನ ಚೌಕಟ್ಟು. ಕಾಲುಗಳು 3 ಇಂಚು ಅಗಲ, ಎರಡೂವರೆ ಇಂಚು ದಪ್ಪ. ಒಂದೊಂದು ಚೌಕಟ್ಟಿನಲ್ಲಿ ಎರಡು ಕಾಲು, ಮೇಲೊಂದು ಅಡ್ಡಪಟ್ಟಿ, ಕೆಳಗೆ ನೆಲದಿಂದ 4 ಇಂಚಿನಲ್ಲಿ ಇನ್ನೊಂದು. ಕಾಲಿಗೆ ಚೌಕ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕತ್ತರಿಸಿ ಒಳಗೆ ಕೂರಿಸೋದು. ಮೊದಲು ಡ್ರಿಲ್‌ನಿಂದ ಸಾಲಾಗಿ ತೂತು ಹೊಡೆದುಕೊಂಡು, ಆಮೇಲೆ ಉಳಿ, ಕೊಡತಿಯಿಂದ ಮೂಲೆ ಬಿಡಿಸಿದರೆ ಸುಲಭ. ನಾಲಿಗೆಯನ್ನು ಒಂದು ಕೂದಲೆಳೆ ದಪ್ಪವೇ ಬಿಟ್ಟು, ಉಳಿಯಿಂದ ಕೆರೆಯುತ್ತಾ ಕೈಯಲ್ಲಿ ಒತ್ತಿದರೆ ಹೋಗುವಷ್ಟು ಮಾಡಬೇಕು. ಸುತ್ತಿಗೆ ಬೇಕಾಯಿತು ಅಂದರೆ ಬಿಗಿ ಜಾಸ್ತಿ, ಕಾಲು ಸೀಳೀತು. ಫೆವಿಕಾಲ್ ಹಚ್ಚಿ ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಟ್ಟೆ. ಕ್ಲಾಂಪ್ ಹಾಕಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆಯೂ ಒಂದೇ ಬಂದರೆ ಚೌಕಟ್ಟು ನೇರ ಇದೆ. ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ವ್ಯತ್ಯಾಸ ಇದ್ದರೂ ಗೋಂದು ಹಸಿ ಇರುವಾಗಲೇ ಎಳೆದು ಸರಿ ಮಾಡಿ.

ಈ ಎರಡು ಚೌಕಟ್ಟನ್ನು ಹಿಂಬದಿಯಲ್ಲಿ ಸೇರಿಸುವ ಉದ್ದದ ಪಟ್ಟಿ ಎರಡು, ಮತ್ತೆ ಆಚಾರ್ರು ಹೇಳಿದ ಓರೆ ಪಟ್ಟಿ. ಇಲ್ಲಿ ಗೋಂದು ಹಾಕಲಿಲ್ಲ. ಮಂಚಕ್ಕೆ ಹಾಕುವಂಥ 8 ಎಂಎಂ ಬೋಲ್ಟು, ಪಟ್ಟಿಯೊಳಗೆ ಅಡ್ಡ ಕೂರುವ ಉರುಳೆ ನಟ್ಟು. 13ರ ಸ್ಪ್ಯಾನರ್ ಒಂದಿದ್ದರೆ ಮೇಜು ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮಹಡಿ ಮೆಟ್ಟಿಲು ಎಷ್ಟು ಕಿರಿದು ಅಂದರೆ, ಜೋಡಿಸಿದ ಮೇಜು ಮೇಲೆ ಬರುವಂತೆಯೇ ಇರಲಿಲ್ಲ. ಮನೆ ಬದಲಿಸುವಾಗಲೂ ಇದೇ ಕಾಪಾಡುತ್ತದೆ.

ಮೇಲಿನ ಹಲಗೆಯನ್ನು ಹೊರಲು ಮುಂದಿನಿಂದ ಹಿಂದಕ್ಕೆ ನಾಲ್ಕು ಅಡ್ಡಪಟ್ಟಿ. ಎರಡು ತುದಿಯಲ್ಲಿ, ಎರಡು ನಡುವೆ. ನಡುವಿನ ಎರಡರ ಮಧ್ಯೆ 20 ಇಂಚು ಖಾಲಿ, ಮೊಣಕಾಲು ಅಲ್ಲಿ ಕೂರುತ್ತದೆ. ಮುಂದೆ ಅಡ್ಡ ಹಲಗೆ ಏನೂ ಇಲ್ಲ. ಹಲಸಿನ ಹಲಗೆಯನ್ನು ಬಿಗಿಯುವಾಗ ಒಂದು ಎಚ್ಚರ ಬೇಕು. ಮರ ಉದ್ದಕ್ಕೆ ಹಿಗ್ಗಲ್ಲ, ಅಗಲಕ್ಕೆ ಹಿಗ್ಗುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಮನೆ ಬಾಗಿಲು ಬಿಗಿಯಾಗಿ ಹಾಕಲು ಬಾರದೆ ಹೋಗುತ್ತದಲ್ಲ, ಅದೇ ಕಾರಣ. ಹಾಗಾಗಿ ಅಡ್ಡಪಟ್ಟಿಯ ತೂತುಗಳನ್ನು ದುಂಡಗೆ ಬಿಡದೆ ಹಿಂದಕ್ಕೆ ಮುಂದಕ್ಕೆ ಉದ್ದ ಮಾಡಿ, ಕೆಳಗಿನಿಂದ ವಾಷರ್ ಸಮೇತ ಸ್ಕ್ರೂ ಹಾಕಿದೆ. ಹಲಗೆಗೂ ಮೊದಲ ರೀಪಿಗೂ ನಡುವೆ ಸಂದು ಇದ್ದೇ ಇದೆ, ಹಿಗ್ಗಿದರೆ ಅಲ್ಲಿಗೆ ಹಿಗ್ಗಲಿ. ರೀಪುಗಳು ಕಿರಿದು, ಅವಕ್ಕೆ ಈ ಕಾಟ ಇಲ್ಲ. ಕೆಳಗಿನಿಂದ ನೇರವಾಗಿ ಸ್ಕ್ರೂ. ಸಂದು ಒಂದೇ ಸಮ ಬರಲಿ ಅಂತ ಮುಕ್ಕಾಲು ಇಂಚಿನ ಮರದ ತುಂಡುಗಳನ್ನು ನಡುವೆ ಇಟ್ಟು ಬಿಗಿದೆ. ಮತ್ತಿ ಮರಕ್ಕೆ ಸ್ಕ್ರೂ ಹಾಕುವಾಗ ಮೊದಲು ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಸ್ಕ್ರೂವಿನ ತಲೆ ಮುರಿಯುತ್ತದೆ.

ರೀಪಿನ ಹಳೇ ಮೊಳೆ ತೂತುಗಳನ್ನು ಮುಚ್ಚುವ ಗೋಜಿಗೆ ಹೋಗಲಿಲ್ಲ. ಅವು ಅಲ್ಲಿದ್ದರೆ ಯಾರಿಗೂ ತೊಂದರೆ ಇಲ್ಲ, ನೋಡಲೂ ನನಗೆ ಇಷ್ಟ. ಕೈ ತಾಗುವ ಅಂಚುಗಳನ್ನು ಮಾತ್ರ ಕೀಸುಳಿಯಿಂದ ಸ್ವಲ್ಪ ದುಂಡಗೆ ಮಾಡಿದೆ. ಮಣಿಕಟ್ಟು ಊರುವ ಜಾಗ ಚೂಪಾಗಿದ್ದರೆ ಸಂಜೆಗೆ ಗೆರೆ ಬಿದ್ದಿರುತ್ತದೆ. ಆಮೇಲೆ ಪಾಲಿಶ್ ಪೇಪರ್, 120, 180, 220 ಹೀಗೆ. ಹಲಸಿನ ಧೂಳು ಬಟ್ಟೆಗೆ ಹಳದಿ ಹತ್ತುತ್ತದೆ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಹಾಡುವವರು, ಓದುವವರಂತೂ ಮರೆಯಲೇಬೇಡಿ.

ಹೊಳೆಯುವ ಪಾಲಿಶ್ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ದೀಪದ ಬೆಳಕು, ಸ್ಕ್ರೀನ್ ಎಲ್ಲಾ ಹಲಗೆಯಲ್ಲಿ ಕಾಣಿಸಿ ಕಣ್ಣಿಗೆ ಹಿಂಸೆ. ಕುದಿಸಿದ ಅಗಸೆ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಉಜ್ಜಿದೆ. ಹಚ್ಚಿ, ಸ್ವಲ್ಪ ಹೊತ್ತು ಕುಡಿಯಲು ಬಿಟ್ಟು, ಮೇಲೆ ನಿಂತದ್ದನ್ನು ಪೂರ್ತಿ ಒರೆಸಿಬಿಡಬೇಕು. ಒಣಗಿದ ಮೇಲೆ ಮತ್ತೊಂದು ಸಲ. ಹಸಿ ಅಗಸೆ ಎಣ್ಣೆ ತಂದರೆ ವಾರಗಟ್ಟಲೆ ಒಣಗಲ್ಲ, ಬಣ್ಣದ ಅಂಗಡಿಯಲ್ಲಿ ಕುದಿಸಿದ್ದೇ ಬೇಕು ಅಂತ ಕೇಳಿ. ಮರದ ಕೆಲಸ ಗೊತ್ತಿದ್ದವರೂ ಕೆಲವೊಮ್ಮೆ ಕಡೆಗಣಿಸುವ ಒಂದು ಅಪಾಯ ಇದರಲ್ಲಿದೆ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಂಕಿ ಇಲ್ಲದೆಯೂ ಅದು ತಾನೇ ಹತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಒಂದೇ ಪದರವಾಗಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಸ್ಪೀಕರ್ ಸ್ಟ್ಯಾಂಡ್‌ಗಳನ್ನು ಪ್ಲೈವುಡ್‌ನಲ್ಲಿ ಮಾಡಿದೆ. ನನ್ನ ಸ್ಪೀಕರಿನ ಬುಡದಿಂದ ಟ್ವೀಟರಿಗೆ 8 ಇಂಚು, ಹಾಗಾಗಿ ಸ್ಟ್ಯಾಂಡ್ 39 ಇಂಚು ಎತ್ತರ. ನಾಲ್ಕು ಬದಿಯ ಕಂಬ ಮಾಡಿ ಒಳಗೆ ಒಣ ಮರಳು ತುಂಬಿದೆ. ಮರಳಿಲ್ಲದ ಪೊಳ್ಳು ಕಂಬ ತಟ್ಟಿದರೆ ಡಬ್‌ಡಬ್ ಅನ್ನುತ್ತದೆ, ತುಂಬಿದ ಮೇಲೆ ಸದ್ದೇ ಇಲ್ಲ.

ಮೇಜು ಕೂರಿಸಿದ ಮೇಲೆ ಎರಡು ಪರೀಕ್ಷೆ ಮಾಡಿದೆ. ಕೋಣೆಯ ಸದ್ದನ್ನು ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ಅನ್ನೋ ಉಚಿತ ತಂತ್ರಾಂಶ ಇದೆ. ಅಳತೆಯ ಮೈಕನ್ನು ಕಿವಿಯ ಜಾಗದಲ್ಲಿ ಇಟ್ಟು, ಪಟ್ಟಿಗಳ ಮೇಲೆ ಒಂದು ಅಖಂಡ ಪ್ಲೈವುಡ್ ಹಾಸಿ ಒಂದು ಸಲ, ತೆಗೆದು ಒಂದು ಸಲ ಅಳೆದೆ. ಪ್ಲೈವುಡ್ ಇದ್ದಾಗ ಲೆಕ್ಕದಲ್ಲಿ ಬಂದ ಜಾಗದ ಆಸುಪಾಸಿನಲ್ಲೇ ತಗ್ಗು ಬಿತ್ತು. ತೆಗೆದಾಗ ತಗ್ಗು ಪೂರ್ತಿ ಹೋಗಲಿಲ್ಲ, ಆದರೆ ಆಳ ಕಡಿಮೆಯಾಯಿತು. ಅದಕ್ಕಿಂತ ಜಾಸ್ತಿ ಯಾವ ಮೇಜಿನಿಂದಲೂ ನಿರೀಕ್ಷೆ ಮಾಡಬಾರದು. ಮೇಜು ಅಂತ ಒಂದು ಇದ್ದರೆ ಸದ್ದು ಅದಕ್ಕೆ ಬಡಿದೇ ಬಡಿಯುತ್ತದೆ.

ಎರಡನೇ ಪರೀಕ್ಷೆಗೆ ಯಾವ ಮೈಕೂ ಬೇಡ. 30 ಹರ್ಟ್ಸ್‌ನಿಂದ 300ರವರೆಗೆ ನಿಧಾನವಾಗಿ ಏರುವ ಒಂದೇ ಸ್ವರವನ್ನು ಸ್ಪೀಕರಿನಲ್ಲಿ ಹಾಕಿ, ಕೋಣೆಯಲ್ಲಿ ಓಡಾಡುತ್ತಾ ಏನು ಅದುರುತ್ತದೆ ಅಂತ ಕೈಯಿಟ್ಟು ನೋಡಬೇಕು. ಮೇಜು ಸುಮ್ಮನಿತ್ತು. ಕಿಟಕಿಯ ಚಿಲಕ, ಕಬ್ಬಿಣದ ಬೀರುವಿನ ಹಿಡಿ, ಫ್ಯಾನಿನ ಮೇಲಿನ ಕಪ್ (ಬಟ್ಟಲು) ಒಂದೊಂದು ಕಡೆ ಚರಚರ ಅಂದವು. ಚಿಲಕಕ್ಕೆ ರಬ್ಬರ್ ತುಂಡು, ಹಿಡಿಗೆ ಬಟ್ಟೆ, ಬಟ್ಟಲಿಗೆ ಒಂದು ಸುತ್ತು ಬಿಗಿ. ಮಾತು ರೆಕಾರ್ಡ್ ಮಾಡುವವರಿಗೆ ಇವೆಲ್ಲ ದೊಡ್ಡ ಉಪಕಾರ.

ಮೈಕಿನ ವಿಷಯಕ್ಕೆ ಬಂದರೆ, ಮೇಜಿಗೆ ಕಚ್ಚಿಸಿ ಮೈಕ್ ಹಿಡಿಸುವ ಉದ್ದ ತೋಳು, ಬೂಮ್ ಆರ್ಮ್, ನಾನು ಬಳಸಲ್ಲ. ಪುಟ ತಿರುಗಿಸಿದ್ದು, ಮೌಸ್ ಇಟ್ಟಿದ್ದು, ಮೊಣಕೈ ತಾಗಿದ್ದು ಎಲ್ಲಾ ಮರದೊಳಗಿನಿಂದ ಮೈಕಿಗೆ ಏರುತ್ತದೆ. ಮೈಕಿಗೆ ನೆಲದ ಮೇಲೆ ಬೇರೆ ಸ್ಟ್ಯಾಂಡ್. ಓದುವಾಗ ಮೇಜಿಗೆ ಬೆನ್ನು ಹಾಕಿ, ದಪ್ಪ ಪರದೆಯ ಹತ್ತಿರವೇ ಕೂರುತ್ತೇನೆ.

ವೈರಿಂಗ್‌ನಲ್ಲಿ ನಾನು ಪಾಲಿಸುವುದು ಒಂದೇ ನಿಯಮ. ಕರೆಂಟಿನ ವೈರುಗಳು ಎಡಗಾಲಿನ ಬದಿಯಿಂದ, ಆಡಿಯೋ ಕೇಬಲ್‌ಗಳು ಬಲಗಾಲಿನ ಬದಿಯಿಂದ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸೋದು, ಜೊತೆಜೊತೆಗೆ ಓಡಿಸಬಾರದು. 50 ಹರ್ಟ್ಸ್‌ನ ಗುಂಯ್ ಒಳಗೆ ನುಸುಳುವುದು ಅಲ್ಲಿಂದಲೇ. ಯುಪಿಎಸ್ ಪೆಟ್ಟಿಗೆಯನ್ನು ಕೋಣೆಯ ಆಚೆ ಇಟ್ಟು ಬರೀ ವೈರು ಒಳಗೆ ತಂದೆ, ಅದರ ಫ್ಯಾನಿನ ಸದ್ದು ಮೈಕಿಗೆ ಕೇಳುತ್ತದೆ.

ರ್‍ಯಾಕ್ ಬೇಕಾದವರಿಗೆ ಅಳತೆ ಹೇಳಿಬಿಡುತ್ತೇನೆ. ಉಪಕರಣದ ಮುಂಭಾಗ 19 ಇಂಚು ಅಗಲ. ಒಂದು ಯೂನಿಟ್ ಎತ್ತರ ಒಂದೂಮುಕ್ಕಾಲು ಇಂಚು, ಆರು ಯೂನಿಟ್‌ಗೆ ಹತ್ತೂವರೆ. ಪೆಟ್ಟಿಗೆಯ ಒಳ ಅಗಲ 19 ಇಂಚಿನ ಮೇಲೆ ಒಂದು ನೂಲು ಇರಲಿ. ಸ್ಕ್ರೂ ಹಿಡಿಯುವ ಪಟ್ಟಿಗಳನ್ನು ಎರಡು ಬದಿಗೆ ಐದೈದು ನೂಲು ದಪ್ಪಕ್ಕೆ ಮಾಡಿದರೆ ನಡುವೆ 17 ಇಂಚು, ಏಳು ನೂಲು ಉಳಿಯುತ್ತದೆ, ಉಪಕರಣ ಆರಾಮಾಗಿ ಹೋಗುತ್ತದೆ. ಇದನ್ನು ಮೇಜಿಗೆ ಅಂಟಿಸದೆ ಪಕ್ಕದಲ್ಲಿ ಬಿಡಿಯಾಗಿ ಇಡಿ. ಮೇಜಿನ ಮೇಲೆ ಎತ್ತರಿಸಿ ಕಟ್ಟುವ ಕಪಾಟು ಮಾತ್ರ ಬೇಡವೇ ಬೇಡ. ಸ್ಪೀಕರಿಗೂ ಕಿವಿಗೂ ನಡುವೆ ಅದೊಂದು ಅಡ್ಡಗೋಡೆ. ಸ್ಕ್ರೀನ್ ಕೂಡ ಆದಷ್ಟು ತಗ್ಗಿನಲ್ಲಿ, ಅದರ ತುದಿ ಟ್ವೀಟರಿನ ಸಾಲಿಗಿಂತ ಕೆಳಗೇ ಇರಲಿ.

ನಿಮ್ಮ ಕೋಣೆ ನನ್ನದಕ್ಕಿಂತ ಚಿಕ್ಕದಿದ್ದರೆ, 10 ಅಡಿಗೆ 8 ಅಡಿ ಅಂತಿಟ್ಟುಕೊಳ್ಳಿ, ತ್ರಿಕೋನವನ್ನು 36 ಇಂಚಿಗೆ ಇಳಿಸಿ, ಮೇಜಿನ ಆಳವನ್ನು 20ಕ್ಕೆ, ಉದ್ದವನ್ನು 4 ಅಡಿಗೆ ತನ್ನಿ. ಮುಂದಿನ ಹಲಗೆ ಆಗಲೂ 8 ಇಂಚಿಗೆ ಕಮ್ಮಿ ಬೇಡ, ಮೊಣಕೈಗೆ ಆಸರೆ ಬೇಕು. ಕಡಿಮೆ ಮಾಡುವುದನ್ನೆಲ್ಲ ಹಿಂದಿನ ಪಟ್ಟಿಗಳಲ್ಲಿ ಮಾಡಿ. ನನ್ನ ಮೇಜಿನ ಬೋಲ್ಟುಗಳನ್ನು ಮಳೆಗಾಲ ಕಳೆದು ಹವೆ ಒಣಗಿದ ಮೇಲೆ ವರ್ಷಕ್ಕೊಂದು ಸಲ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಅರ್ಧ ಸುತ್ತು ಬಿಗಿ ಹಿಡಿಯುತ್ತದೆ. ಅದೇ ದಿನ ಮುಂದಿನ ಹಲಗೆಗೆ ಇನ್ನೊಂದು ಕೈ ಎಣ್ಣೆ.